ಸದ್ದು ಮಾಡದ ಹನಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮವೆಂದರೆ ಒಂದು ಹುಲ್ಲಿನ ಚಪ್ಪರ, ಒಂದು ಕುಲುಮೆ, ಅಚ್ಚು ಸುಡುವ ಒಂದು ಗೂಡು, ಇಬ್ಬರು ಮಲಗುವಷ್ಟು ಜಗಲಿ. ಅದನ್ನು ಆಶ್ರಮವೆಂದು ಕರೆದವರು ಹೊಳೆಯ ಆಚೆಯವರು. ಈಚೆ ಇದ್ದವರು ಏನೂ ಕರೆಯುತ್ತಿರಲಿಲ್ಲ.

ಅಲ್ಲಿ ಒಬ್ಬ ಮುದುಕರು ಕಂಚಿನ ಗಂಟೆ ಎರೆಯುತ್ತಿದ್ದರು. ಅವರ ಹೆಸರು ಯಾರಿಗೂ ನೆನಪಿರಲಿಲ್ಲ. ಆ ಸೀಮೆಯಲ್ಲಿ ಗುರುಗಳನ್ನು ‘ಬುದ್ಧಿ’ ಎಂದು ಕರೆಯುವುದು ರೂಢಿ. ಇವರು ಗಂಟೆ ಬುದ್ಧಿ.

ಗಂಟೆ ಬುದ್ಧಿಗೆ ಏನೂ ತಾಗುವುದಿಲ್ಲ ಎಂದು ಜನ ಹೇಳುತ್ತಿದ್ದರು. ಬೈದರೂ ತಾಗದು, ಹೊಗಳಿದರೂ ತಾಗದು. ಮಾತು ಬಹಳ ಕಡಿಮೆ. ಅದು ಜ್ಞಾನದ ಲಕ್ಷಣವೆಂದು ಕೈ ಮುಗಿದು ಹೋಗುತ್ತಿದ್ದರು. ಕುಲುಮೆಯ ಹೊಗೆಯಲ್ಲಿ ಬಾಯಿ ತೆರೆದರೆ ಕೆಮ್ಮು ಬರುತ್ತದೆ ಎಂಬುದು ಕೈ ಮುಗಿದವರಿಗೆ ಹೊಳೆದಿರಲಿಲ್ಲ.

ರಾಚಯ್ಯ ಹೊಳೆ ದಾಟಿ ಬಂದಾಗ ಗುರುಗಳು ಇದ್ದಿಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಏನಾಗಬೇಕು?”

“ಉಪದೇಶ ಬೇಕು, ಬುದ್ಧಿ.”

“ಯಾತಕ್ಕೆ?”

“ನನಗೆ ಏನೂ ತಾಗಬಾರದು.”

“ಈಗ ಏನು ತಾಗಿದೆ?”

ಈ ಪ್ರಶ್ನೆಗೆ ರಾಚಯ್ಯ ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡು ಬಂದಿದ್ದ. ಸಂಸಾರ, ಮಾಯೆ, ನೀರ ಮೇಲಿನ ಗುಳ್ಳೆ, ಎಲ್ಲವೂ ಅದರಲ್ಲಿದ್ದವು. ಬಾಯಿಗೆ ಬಂದದ್ದು ಬೇರೆ.

“ಮಗ ಹೋದ. ಆರು ವರ್ಷ ಅವನಿಗೆ. ಮೂರು ದಿನ ಜ್ವರ. ಹಣೆ ಮೇಲೆ ಒದ್ದೆ ಬಟ್ಟೆ ಹಾಕಿದ್ರೆ ನೋಡ್ತಾ ನೋಡ್ತಾ ಒಣಗಿಹೋಗ್ತಿತ್ತು.”

ಗುರುಗಳು ಅರೆಬೆಂದ ಒಂದು ಇದ್ದಿಲನ್ನು ಪಕ್ಕಕ್ಕೆಸೆದರು.

“ಹೆಂಡತಿ?”

“ಇದ್ದಾಳೆ. ಚೆನ್ನಾಜಮ್ಮ.”

“ಅವಳನ್ನ ಯಾಕೆ ಬಿಟ್ಟುಬಂದೆ?”

“ಕರೀತಾಳೆ, ಬುದ್ಧಿ.”

“ಹೆಂಡತಿ ಕರೆಯೋದು ತಪ್ಪೇನಯ್ಯ?”

“ಅವಳು ನನ್ನ ಕರೆಯೋದೇ ‘ಚೆಲುವನ ಅಪ್ಪ’ ಅಂತ. ಮಗ ಹುಟ್ಟಿದ ದಿನದಿಂದ ಹಾಗೇ. ಅವನು ಹೋದ ಮೇಲೂ ಅವಳ ನಾಲಿಗೆ ತಿರುಗಲಿಲ್ಲ. ‘ಚೆಲುವನ ಅಪ್ಪ, ಮುದ್ದೆ ಆರ್ತಾ ಇದೆ.’ ‘ಚೆಲುವನ ಅಪ್ಪ, ಹಸ ಹಗ್ಗ ಕಿತ್ಕೊಂಡಿದೆ.’ ದಿನಕ್ಕೆ ಇಪ್ಪತ್ತು ಸಲ. ಕರೆದುಬಿಟ್ಟು ತಾನೇ ಬಾಯಿಗೆ ಸೆರಗು ಒತ್ಕೊಂಡು ಅಳೋಳು. ಆಮೇಲೆ ಅಳೋದೂ ನಿಂತಿತು. ಕರೆಯೋದು ನಿಲ್ಲಲಿಲ್ಲ.”

“ಹೆಸರು ಹಿಡಿದು ಕರಿ ಅನ್ನಬೇಕಿತ್ತು.”

“ಗಂಡನ ಹೆಸರು ಹಿಡೀತಾರಾ, ಬುದ್ಧಿ?”

“ಹೌದಲ್ಲ. ಅದಕ್ಕಿಂತ ಮನೆ ಬಿಡೋದು ಸಲೀಸು.”

ಇದು ಹೊಗಳಿಕೆಯೋ ಅಲ್ಲವೋ ರಾಚಯ್ಯನಿಗೆ ತಿಳಿಯಲಿಲ್ಲ. ಶಿಷ್ಯರಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ.

“ಇರಲೇ, ಬುದ್ಧಿ?”

“ಇದ್ದಿಲು ಆರಿಸು.”

ಆರು ತಿಂಗಳು ಅವನು ಇದ್ದಿಲು ಆರಿಸಿದ. ಕುಲುಮೆಗೆ ಗಾಳಿ ಊದುವ ತಿದಿ ಒತ್ತಿದ. ಜೇಡಿಮಣ್ಣು ತುಳಿದ. ಮಂತ್ರ ಬರುತ್ತದೆಂದು ಕಾದ. ಬರಲಿಲ್ಲ.

ಒಂದು ದಿನ ಗುರುಗಳು ಅವನ ಕೈಗೆ ನೀರು ತುಂಬಿದ ಚಿಪ್ಪು ಕೊಟ್ಟರು. ಗೂಡಿನ ಮೇಲಿನ ಕಬ್ಬಿಣದ ಹಲಗೆಯನ್ನು ತೋರಿಸಿದರು. ಹಲಗೆಯ ನಡುವೆ ತಟ್ಟೆಯಂತೆ ತುಸು ತಗ್ಗಿತ್ತು.

“ಒಳಗೆ ಗಂಟೆಯ ಅಚ್ಚು ಕಾಯ್ತಾ ಇದೆ. ಅದರಲ್ಲಿ ಒಂದು ಹನಿ ತೇವ ಉಳಿದಿದ್ರೂ ಕಾದ ಕಂಚು ಹುಯ್ದ ತಕ್ಷಣ ಸಿಡಿಯುತ್ತೆ. ಹಲಗೆ ಮೇಲೆ ನೀರು ಚಿಮುಕಿಸು. ಹದ ಬಂದಾಗ ಹೇಳು.”

“ಹದ ಹೇಗಿರುತ್ತೆ?”

“ಬಂದಾಗ ಹೇಳು ಅಂದೆ.”

ರಾಚಯ್ಯ ಚಿಮುಕಿಸಿದ. ಹನಿ ಹರಡಿಕೊಂಡು ಸುಮ್ಮನೆ ಕುಳಿತಿತು. ಕಾದ. ಮತ್ತೆ ಚಿಮುಕಿಸಿದ. ಚುಂಯ್ ಎಂದು ಮಾಯವಾಯಿತು. ಇನ್ನಷ್ಟು ಕಾದ. ಮತ್ತೆ ಚಿಮುಕಿಸಿದ.

ಈ ಸಲ ಸದ್ದೇ ಇಲ್ಲ. ಹನಿ ದುಂಡಗೆ ಮುತ್ತಾಗಿ ಹಲಗೆಯ ಮೇಲೆ ಓಡಾಡತೊಡಗಿತು.

‘ಬೆಂಕಿ ಕಮ್ಮಿಯಾಗಿದೆ’ ಅಂದುಕೊಂಡ ರಾಚಯ್ಯ, ಹಲಗೆಗೆ ಅಂಗೈ ಇಟ್ಟ.

ಅವನ ಕೂಗಿಗೆ ದಂಡೆಯ ಕೊಕ್ಕರೆಗಳು ಎದ್ದುಹೋದವು. ಗುರುಗಳು ಲೋಳೆಸರದ ಎಲೆ ಸೀಳಿ ಅಂಗೈಗೆ ಕಟ್ಟಿದರು.

“ಯಾಕೆ ಮುಟ್ಟಿದೆ?”

“ಸದ್ದು ಬರಲಿಲ್ಲ, ಬುದ್ಧಿ. ತಣ್ಣಗಿದೆ ಅಂದ್ಕೊಂಡೆ.”

“ಮನೇಲಿ ಅಳು ನಿಂತಾಗಲೂ ಹಾಗೇ ಅಂದ್ಕೊಂಡ್ಯಾ?”

ರಾಚಯ್ಯ ಕಟ್ಟಿದ ಕೈಯನ್ನು ಊದಿಕೊಂಡ. ಅಂಗೈ ಉರಿಯುತ್ತಿತ್ತು. ಉಪದೇಶ ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಅಂಗೈಯ ಗಾಯ ಮಾಯುವ ಹೊತ್ತಿಗೆ ಅವನಿಗೆ ಆ ಹನಿಯ ಹುಚ್ಚು ಹಿಡಿದಿತ್ತು. ಅಚ್ಚು ಕಾಯುವ ದಿನಗಳಲ್ಲೆಲ್ಲ ಹಲಗೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುವನು. ಸುತ್ತ ಅಷ್ಟು ಬೆಂಕಿ. ನಡುವೆ ಒಂದು ಹನಿ, ತಣ್ಣಗೆ ಆಡುತ್ತಿದೆ.

“ಬುದ್ಧಿ, ಸಾಧಾರಣ ಕಾದಾಗ ಹನಿ ಒಂದು ಎಣಿಸೋದ್ರೊಳಗೆ ಹೋಗುತ್ತೆ. ಇಷ್ಟು ಕಾದಾಗ ಎಪ್ಪತ್ತು ಎಣಿಸಿದೆ. ಇನ್ನೂ ಇತ್ತು.”

“ಹೂಂ.”

“ಕಮಲದ ಎಲೆ ಮೇಲಿನ ನೀರಿಗಿಂತ ಇದು ದೊಡ್ಡದು.”

“ಹೇಗೆ?”

“ಅದು ತಂಪಿನಲ್ಲಿ ಅಂಟದೆ ಇರುತ್ತೆ. ಇದು ಬೆಂಕಿಯಲ್ಲಿ ಅಂಟದೆ ಇದೆ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಹಾಗೆ.”

“ಸಾವಿರ ವರ್ಷ ಇಟ್ಕೊಂಡು ಏನು ಮಾಡ್ತೀಯ?”

ರಾಚಯ್ಯ ಇದನ್ನು ಒಗಟೆಂದು ತಿಳಿದು ಮೂರು ದಿನ ಯೋಚಿಸಿದ. ಗುರುಗಳು ನಿಜವಾಗಿಯೇ ಕೇಳಿದ್ದರು.

ಇನ್ನೊಂದು ದಿನ ಅವನೇ ಕೇಳಿದ.

“ಬುದ್ಧಿ, ಬೆಂಕಿ ಒಳ್ಳೆಯದೋ, ಕೆಟ್ಟದ್ದೋ?”

ಗುರುಗಳು ಗೂಡಿಗೆ ಮೂರು ವಸ್ತು ಇಟ್ಟರು. ಒಂದು ಮಣ್ಣಿನ ಉಂಡೆ, ಒಂದು ಸುಣ್ಣಕಲ್ಲು, ಒಂದು ಮೇಣದ ತುಂಡು. ಮಾರನೆಯ ದಿನ ಗೂಡಿನ ಬಾಯಿ ತೆರೆದರು.

ಮಣ್ಣು ಕಲ್ಲಾಗಿತ್ತು. ಮೇಣ ಇರಲಿಲ್ಲ. ಸುಣ್ಣಕಲ್ಲು ಇಟ್ಟ ಹಾಗೇ ಇತ್ತು.

“ಇದಕ್ಕೆ ಏನೂ ಆಗಿಲ್ಲ, ಬುದ್ಧಿ!” ರಾಚಯ್ಯ ಕಲ್ಲನ್ನು ಇಕ್ಕಳದಲ್ಲಿ ಎತ್ತಿ ತೋರಿಸಿದ. ತನ್ನ ಕಡೆಯವನೊಬ್ಬ ಗೆದ್ದಂತೆ ಅವನಿಗೆ ಖುಷಿಯಾಗಿತ್ತು.

ಗುರುಗಳು ಕಲ್ಲು ಆರಲು ಬಿಟ್ಟರು. ಆಮೇಲೆ ಅದರ ಮೇಲೆ ಒಂದು ಹಿಡಿ ನೀರು ಹಾಕಿದರು. ಕಲ್ಲು ಬುಸುಗುಟ್ಟಿತು, ಕುದಿಯಿತು, ಬಿರಿದು ಹಿಟ್ಟಾಯಿತು.

“ಒಳಗಿದ್ದದ್ದೆಲ್ಲ ಬೆಂಕಿಯಲ್ಲೇ ಹೋಗಿತ್ತು,” ಅಂದರು. “ತೋರಿಸಿಕೊಂಡಿರಲಿಲ್ಲ.”

ರಾಚಯ್ಯ ಆ ಹಿಟ್ಟನ್ನು ಬಳಿದು ಗೋಡೆಗೆ ಸಾರಿಸಿದ. ಮಿಕ್ಕದ್ದು ತನಗೆ ಸಂಬಂಧಪಟ್ಟದ್ದಲ್ಲವೆಂದು ಬಿಟ್ಟ.

ಹೀಗೆ ನಾಲ್ಕು ವರ್ಷ.

ಇಬ್ಬರೂ ಜಗಲಿಯ ಎರಡು ತುದಿಗಳಲ್ಲಿ ಮಲಗುತ್ತಿದ್ದರು. ಎದುರುಬದುರು ಕೂತು ಉಣ್ಣುತ್ತಿದ್ದರು. ಉಪ್ಪು ಹೆಚ್ಚಾದರೂ ಇಬ್ಬರೂ ಹೇಳುತ್ತಿರಲಿಲ್ಲ. ರಾಚಯ್ಯನನ್ನು ಹೆಸರಿನಿಂದಾಗಲಿ, ಇನ್ಯಾರದೋ ಅಪ್ಪನೆಂದಾಗಲಿ ಕರೆಯುವವರಿರಲಿಲ್ಲ. ಇದ್ದದ್ದು ಇಬ್ಬರೇ ಆದ್ದರಿಂದ ‘ಏನಯ್ಯ’ ಎಂದರೆ ಸಾಕಾಗುತ್ತಿತ್ತು.

ಎರೆದ ಗಂಟೆಯನ್ನು ಗುರುಗಳು ಒಂದು ಸಲ ಬಡಿದು ನೋಡುತ್ತಿದ್ದರು. ಒಂದೇ ಸಲ. ನಾದ ಹೊಳೆಯ ಮೇಲೆ ಹೋಗಿ, ಆಚೆ ದಂಡೆಯ ಬಂಡೆಗೆ ತಾಗಿ, ಹಿಂದಕ್ಕೆ ಬರುವಷ್ಟರಲ್ಲಿ ಸೋತಿರುತ್ತಿತ್ತು. ಆಮೇಲೆ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ ಹರಿಗೋಲಿಗೆ ಹಾಕುವರು. ಅದು ಎಲ್ಲಿಗೋ ಹೋಗುವುದು, ಯಾರಿಗೋ ಬಾರಿಸುವುದು. ಅಷ್ಟು ಗಂಟೆ ಮಾಡಿದ ಜಾಗದಲ್ಲಿ ಹೊತ್ತು ಹೇಳಲು ಒಂದು ಗಂಟೆಯಿರಲಿಲ್ಲ.

ಸಂಜೆಗಳಲ್ಲಿ ರಾಚಯ್ಯ ನೀರಿಗೆ ಕಾಲು ಇಳಿಬಿಟ್ಟು ಕೂರುತ್ತಿದ್ದ. ಆಚೆ ದಂಡೆಯಲ್ಲಿ ಯಾರೋ ಯಾರನ್ನೋ ಕೂಗುವುದು ಕೇಳುತ್ತಿತ್ತು. ಹೆಸರು ಕೇಳುತ್ತಿರಲಿಲ್ಲ, ಕೂಗು ಮಾತ್ರ. ಅವನು ಅದನ್ನು ಶಾಂತಿ ಎಂದುಕೊಂಡ. ಬೇರೆ ಹೆಸರು ಗೊತ್ತಿದ್ದರೂ ಹಾಗೆಂದುಕೊಂಡ.

ಆಚೆಯವರು ಅವನನ್ನು ‘ಚಿಕ್ಕ ಬುದ್ಧಿ’ ಎಂದು ಕರೆಯತೊಡಗಿದರು. ಗೌರವದಿಂದಲೇ. ಆ ಮಾತಿಗೆ ಇನ್ನೊಂದು ಅರ್ಥವಿರುವುದು ಅವನ ಗಮನಕ್ಕೆ ಬರಲಿಲ್ಲ.

ಅಚ್ಚು ಕಾಯುತ್ತಿದ್ದ ಒಂದು ಬೆಳಗ್ಗೆ ಹರಿಗೋಲು ಬಂತು. ಸಿದ್ಧವಾಗಿದ್ದ ಹನ್ನೆರಡು ಗಂಟೆಗಳನ್ನು ಅವತ್ತು ಸಾಗಿಸಬೇಕಿತ್ತು. ಅಂಬಿಗನ ಜೊತೆ ಒಬ್ಬ ಹೆಂಗಸು ಇಳಿದಳು. ಕಂಕುಳಲ್ಲಿ ಬಟ್ಟೆಗಂಟು.

ರಾಚಯ್ಯ ತಿದಿಯ ಹಿಂದೆ ಇದ್ದ. ಅವಳ ನಡಿಗೆ ನೋಡಿದ. ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ.

ಚೆನ್ನಾಜಮ್ಮ ಚಪ್ಪರದ ಕಂಬದ ಹತ್ತಿರ ನಿಂತಳು. ಗುರುಗಳಿಗೆ ಕೈ ಮುಗಿದಳು. ಕಾಲಿಗೆ ಬೀಳಲಿಲ್ಲ.

“ಬುದ್ಧಿ, ನಾನು ಇವರ ಮನೆಯವಳು.”

“ಗೊತ್ತಾಯ್ತಮ್ಮ.”

“ನಾಲ್ಕು ವರ್ಷ ಆಯ್ತು. ಏನು ಕಲಿಸಿದ್ರಿ ಇವರಿಗೆ?”

“ಹಲಗೆ ಮೇಲೆ ನೀರು ಚಿಮುಕಿಸೋದು.”

“ಅಷ್ಟೇನಾ?”

“ಕಷ್ಟದ ವಿದ್ಯೆ. ಹದ ಬಂದಾಗ ಹನಿ ಸದ್ದು ಮಾಡಲ್ಲ. ಮುತ್ತಿನ ಹಾಗೆ ಓಡಾಡುತ್ತೆ.”

ಚೆನ್ನಾಜಮ್ಮ ಗಂಟನ್ನು ಕೆಳಗಿಟ್ಟಳು. “ದೋಸೆ ಕಾವಲಿ ಮುಂದೆ ಕೂರಿಸಿದ್ರೆ ನಾನೇ ಒಂದು ಬೆಳಗಿನಲ್ಲಿ ಕಲಿಸ್ತಿದ್ದೆ.”

ಗುರುಗಳು ಮೊದಲ ಸಲ ತಲೆ ಎತ್ತಿ ನೋಡಿದರು. “ನಿಮ್ಮ ಕಾವಲಿಯಲ್ಲೂ ಓಡುತ್ತಾ?”

“ಓಡದೆ ಏನು? ಕಾವಲಿ ಮಿತಿಮೀರಿ ಕಾದ್ರೆ ಗೋಲಿ ಥರ ಓಡುತ್ತೆ. ಆಗ ಹಿಟ್ಟು ಹುಯ್ದರೆ ಹಿಡಿಯಲ್ಲ. ಸೌಟಿಗೇ ಸುತ್ತಿಕೊಂಡು ಎದ್ದುಬರುತ್ತೆ.”

“ಮತ್ತೆ ಏನು ಮಾಡ್ತೀರಿ?”

“ಇನ್ನಷ್ಟು ನೀರು ಚಿಮುಕಿಸಿ, ಈರುಳ್ಳಿ ಚೂರಲ್ಲಿ ಉಜ್ಜಿ ಕಾವು ಇಳಿಸ್ತೀವಿ. ನೀರು ಚುಂಯ್ ಅನ್ನಬೇಕು, ಬುದ್ಧಿ. ಅಂದ ಮೇಲೇ ದೋಸೆ.”

“ಗಂಟೆಗೆ ಆ ಓಡೋ ಹದವೇ ಬೇಕಮ್ಮ.”

“ಇವರೇನು ಗಂಟೆಯೇ?”

ಗುರುಗಳು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ನಾಲ್ಕು ವರ್ಷಗಳಲ್ಲಿ ಅವರು ನಕ್ಕದ್ದನ್ನು ರಾಚಯ್ಯ ನೋಡಿರಲಿಲ್ಲ. ಅವನಿಗೆ ಅದು ಸರಿಬರಲಿಲ್ಲ.

“ಹೊಳೆ ಆಚೆ ಇವರನ್ನ ಚಿಕ್ಕ ಬುದ್ಧಿ ಅಂತಾರಂತೆ,” ಅಂದಳು ಚೆನ್ನಾಜಮ್ಮ. “ಸರಿಯಾಗೇ ಅಂತಾರೆ.”

ಆಮೇಲೆ ತಿದಿಯ ಕಡೆ ತಿರುಗಿದಳು. ಬಾಯಿ ತೆರೆದಳು. ಏನೋ ಬರುವುದರಲ್ಲಿತ್ತು, ನುಂಗಿಕೊಂಡಳು.

“ಏನ್ರೀ,” ಅಂದಳು.

ರಾಚಯ್ಯ ಎದ್ದು ಬಂದ. ಇಬ್ಬರ ನಡುವೆ ಒಂದು ಮೊಳ ಜಾಗವಿತ್ತು.

“ಚೆನ್ನಾಗಿದ್ದೀರಾ?”

“ಇದ್ದೀನಿ.”

“ಅಂಗೈಗೆ ಏನಾಗಿದೆ?”

“ಹಳೇದು.”

“ಮನೆಗೆ ಬೀಗ ಹಾಕಿದೆ. ಹಸ ಪಕ್ಕದ ಮನೆಯವರಿಗೆ ಕೊಟ್ಟೆ. ನಮ್ಮ ಅಣ್ಣ ಬಾ ಅಂದ, ಬೆಟ್ಟದ ಮೇಲಿನ ಊರಿಗೆ. ಹೋದ್ರೆ ಮತ್ತೆ ಇಳಿದು ಬರಲ್ಲ. ನೀವು ಬಂದ್ರೆ ಇಲ್ಲಿಂದಲೇ ತಿರುಗಿ ಮನೆ ಬೀಗ ತೆಗೀತೀನಿ.”

ರಾಚಯ್ಯ ಹೊಳೆಯ ಕಡೆ ನೋಡಿದ.

“ಬರ್ತೀರೋ, ಇಲ್ವೋ? ಇಲ್ಲ ಅಂದ್ರೆ ಬಾಯಿಬಿಟ್ಟು ಇಲ್ಲ ಅನ್ನಿ. ಅದನ್ನ ಕೇಳಿಸ್ಕೊಂಡು ಹೋಗೋಕೇ ಬಂದೆ. ಹೇಳದೆ ಎದ್ದುಹೋದವರಿಗೆ ನಾಲ್ಕು ವರ್ಷ ಕಾದಿದ್ದು ಸಾಕು.”

“ಬರಲ್ಲ.”

ಅವಳು ಅಳುತ್ತಾಳೆಂದು ಅವನು ಸಿದ್ಧನಾಗಿ ನಿಂತಿದ್ದ. ಅಳಲಿಲ್ಲ.

“ಸರಿ,” ಅಂದಳು. ಗಂಟನ್ನು ಕಂಕುಳಿಗೆ ಇರುಕಿಕೊಂಡು ಹರಿಗೋಲಿನ ಕಡೆ ನಡೆದಳು.

ರಾಚಯ್ಯ ತನ್ನ ಎದೆಯನ್ನು ಪರೀಕ್ಷಿಸಿಕೊಂಡ. ಒಳಗೆ ಏನೂ ಸದ್ದಿರಲಿಲ್ಲ. ಅವನಿಗೆ ಹೆಮ್ಮೆಯಾಯಿತು. ಗುರುಗಳ ಹತ್ತಿರ ಹೋಗಿ ನಿಂತ.

“ಬುದ್ಧಿ, ಬಂದಳು, ಕೇಳಿದಳು, ಹೋದಳು. ನನಗೆ ತಾಗಲಿಲ್ಲ.”

“ಹೂಂ.”

“ಹನಿ ಓಡಿತು, ಬುದ್ಧಿ.”

ಗುರುಗಳು ಉದ್ಧರಣೆಯಲ್ಲಿ ನೀರು ತೆಗೆದುಕೊಂಡು ಹಲಗೆಯ ತಗ್ಗಿಗೆ ಬಿಟ್ಟರು. ದೊಡ್ಡ ಹನಿ. ದುಂಡಗಾಗಿ ನಡುಗುತ್ತ ನಿಂತಿತು. ಸದ್ದಿಲ್ಲ.

“ಇದು ಹಲಗೆಯನ್ನ ಮುಟ್ಟಿದೆಯಾ?”

“ಇಲ್ಲ.”

“ಯಾಕೆ?”

“ವೈರಾಗ್ಯ.”

ಗುರುಗಳು ಒಂದು ತಣ್ಣನೆಯ ಕಂಚಿನ ಬಟ್ಟಲನ್ನು ಹನಿಯ ಮೇಲೆ ಮಗುಚಿ ಹಿಡಿದರು. ಹತ್ತು ಎಣಿಸುವಷ್ಟು ಹೊತ್ತು. ತಿರುಗಿಸಿ ಒಳಭಾಗ ತೋರಿಸಿದರು. ಬೆವರಿದ ಹಾಗೆ ಸಣ್ಣ ಸಣ್ಣ ಹನಿಗಳು.

“ಇದು ಯಾರದ್ದು?”

“ಆ ಹನಿಯದ್ದು.”

“ಬಟ್ಟಲಿಗೆ ಹೇಗೆ ಬಂತು?”

“ಆವಿಯಾಗಿ.”

“ಮೇಲಕ್ಕೆ ಬಂದ ಆವಿ ಇದು. ಕೆಳಗೂ ಆವಿ ಇದೆ. ಅದರ ಮೇಲೇ ಹನಿ ನಿಂತಿರೋದು. ಬೆಂಕಿಗೆ ಎದುರಾದ ತನ್ನ ಮೈಯನ್ನೇ ಬೇಯಿಸ್ಕೊಂಡು, ಅದನ್ನೇ ಹಾಸ್ಕೊಂಡು ಮಲಗಿದೆ. ನೀನು ವೈರಾಗ್ಯ ಅಂತೀಯ.”

ರಾಚಯ್ಯ ನೋಡಿದ. ಹನಿ ಮೊದಲಿನಷ್ಟು ದೊಡ್ಡದಾಗಿರಲಿಲ್ಲ. ನಾಲ್ಕು ವರ್ಷ ನೋಡಿದ್ದ, ಎಣಿಸಿದ್ದ. ಅದು ಎಷ್ಟು ಹೊತ್ತು ಉಳಿಯಿತೆಂದು ಎಣಿಸಿದ್ದನೇ ಹೊರತು ಎಷ್ಟು ಉಳಿಯಿತೆಂದು ನೋಡಿರಲಿಲ್ಲ.

“ಆದ್ರೂ ಮುಟ್ಟಿಲ್ಲವಲ್ಲ, ಬುದ್ಧಿ,” ಅಂದ. ದನಿ ಸ್ವಲ್ಪ ಸಣ್ಣದಾಗಿತ್ತು.

ಗುರುಗಳು ಸೌಟಿನ ತುದಿಯಿಂದ ಹನಿಯನ್ನು ಮೆಲ್ಲಗೆ ತಳ್ಳುತ್ತ ಹಲಗೆಯ ಅಂಚಿಗೆ ತಂದರು. ಹಿಂದಕ್ಕೆ ಉರುಳದಂತೆ ಸೌಟನ್ನು ಅಡ್ಡ ಇಟ್ಟರು.

ಹನಿ ಅಲ್ಲಿ ಒಂದು ಗಳಿಗೆ ನಿಂತಿತು. ಕಂಪಿಸಿತು. ಬುಡ ಚಪ್ಪಟೆಯಾಯಿತು. ಚುಂಯ್.

“ಇಲ್ಲಿ ಬಿಸಿ ಹೆಚ್ಚೋ, ಕಡಿಮೆಯೋ?” ಕೇಳಿದರು.

“ಅಂಚು. ಕಡಿಮೆ.”

“ನಡುವೆ ಅಷ್ಟು ಬೆಂಕಿಯಲ್ಲಿ ಮುಟ್ಟದೇ ಇದ್ದದ್ದು ಇಲ್ಲಿ ಯಾಕೆ ಮುಟ್ಟಿತು?”

ರಾಚಯ್ಯನಿಗೆ ಉತ್ತರ ಗೊತ್ತಿತ್ತು. ಕಾವು ಇಳಿದಲ್ಲಿ ಹಾಸಿಕೊಳ್ಳುವಷ್ಟು ಆವಿ ಏಳದು.

“ನೀನು ಬಂದ ದಿನ ಅವಳ ಕರೆ ನಿನ್ನ ತಾಗಿದ್ರೆ ಒಂದೇ ಸಲಕ್ಕೆ ಹೋಗಿಬಿಡ್ತಿದ್ದೆ,” ಅಂದರು ಗುರುಗಳು. “ಅದಕ್ಕೇ ನಿನ್ನ ಇರು ಅಂದೆ. ಈಗ ನಾಲ್ಕು ವರ್ಷ ಆಯ್ತು. ಕಬ್ಬಿಣ ಅದೇ ಕಾವಿನಲ್ಲಿದೆ ಅಂದ್ಕೊಂಡಿದ್ದೀಯ.”

“ನಾನೇನು ಮಾಡಲಿ, ಬುದ್ಧಿ?”

“ಗಂಟೆ ಹೊತ್ಕೊಂಡು ಹೋಗಿ ಹರಿಗೋಲಿಗೆ ಇಡು. ಅಂಬಿಗ ಕಾಯ್ತಾ ಇದ್ದಾನೆ.”

ಉಪದೇಶ ಅಷ್ಟೇ ಆಗಿತ್ತು.

ರಾಚಯ್ಯ ಒಂದೊಂದೇ ಗಂಟೆ ಹೊತ್ತ. ಹರಿಗೋಲು ದಂಡೆಗೆ ಆತು ನಿಂತಿತ್ತು. ಚೆನ್ನಾಜಮ್ಮ ಒಳಗೆ ಒಂದು ಬದಿಗೆ ಕುಳಿತು ನೀರು ನೋಡುತ್ತಿದ್ದಳು. ಅವನು ಗಂಟೆ ಇಟ್ಟ, ತಿರುಗಿದ, ಮತ್ತೊಂದು ತಂದ. ಅವಳು ನೋಡಲಿಲ್ಲ. ಅವನೂ ನೋಡಲಿಲ್ಲ. ಇಬ್ಬರೂ ಇದರಲ್ಲಿ ಪಳಗಿದವರು.

ಹರಿಗೋಲು ಬುಟ್ಟಿಯ ಹಾಗೆ ದುಂಡಗಿನ ದೋಣಿ. ಭಾರ ಒಂದೇ ಕಡೆ ಬಿದ್ದರೆ ವಾಲುತ್ತದೆ. ರಾಚಯ್ಯನಿಗೆ ಅವಳ ಹತ್ತಿರ ಹೋಗಲು ಮನಸ್ಸಿಲ್ಲ. ಬಂದ ಗಂಟೆಗಳನ್ನೆಲ್ಲ ಎದುರು ಬದಿಯಲ್ಲೇ ಇಡುತ್ತ ಹೋದ. ಒಂಬತ್ತನೆಯದನ್ನು ತರುವ ಹೊತ್ತಿಗೆ ಆ ಬದಿಯ ಅಂಚು ನೀರಿಗೆ ಒಂದು ಗೇಣು ಉಳಿದಿತ್ತು. ಅಂಬಿಗ ದಂಡೆಯ ಮೇಲೆ ಎಲೆಅಡಿಕೆ ಮೆಲ್ಲುತ್ತಿದ್ದ, ನೋಡಲಿಲ್ಲ.

ರಾಚಯ್ಯ ಹರಿಗೋಲಿನೊಳಗೆ ಕಾಲಿಟ್ಟು ಒಂಬತ್ತನೆಯ ಗಂಟೆಯನ್ನು ಅಲ್ಲಿಗೇ ಇಳಿಸಲು ಬಾಗಿದ. ಹರಿಗೋಲು ವಾಲಿತು.

“ಚೆಲುವನ ಅಪ್ಪ, ಈ ಕಡೆ ಇಡಿ!” ಅಂದಳು ಚೆನ್ನಾಜಮ್ಮ. “ಆ ಕಡೆ ಭಾರ ಆಯ್ತು!”

ಅಂದುಬಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು.

ರಾಚಯ್ಯ ಗಂಟೆ ಹಿಡಿದುಕೊಂಡೇ ನಿಂತ. ಇಡಲಿಲ್ಲ, ಎತ್ತಲಿಲ್ಲ. ಹರಿಗೋಲಿನ ನಡುವೆ ಗಂಟೆಯ ಸಮೇತ ಕೂತುಬಿಟ್ಟ. ಆಮೇಲೆ ಅವನ ಗಂಟಲಿನಿಂದ ಒಂದು ಸದ್ದು ಬಂತು. ಮಗ ಹೋದ ದಿನ ಬರಬೇಕಾಗಿದ್ದ ಸದ್ದು. ನಾಲ್ಕು ವರ್ಷಕ್ಕೂ ಮೀರಿ ತಡವಾದದ್ದಕ್ಕೆ ಅದು ಕಡಿಮೆಯಾಗಿರಲಿಲ್ಲ.

ಅಂಬಿಗ ಎಲೆಅಡಿಕೆ ಉಗಿದು ಓಡಿಬಂದ. “ಏನಾಯ್ತು? ಕಾಲ ಮೇಲೆ ಬಿತ್ತಾ, ಚಿಕ್ಕ ಬುದ್ಧಿ?”

“ಬಿದ್ದು ನಾಲ್ಕು ವರ್ಷ ಆಯ್ತಪ್ಪ,” ಅಂದಳು ಚೆನ್ನಾಜಮ್ಮ. “ಈಗ ನೋವಾಗ್ತಾ ಇದೆ.”

ಅವಳು ಎದ್ದು ಅವನ ಕೈಯಿಂದ ಗಂಟೆ ತೆಗೆದುಕೊಂಡು ತನ್ನ ಪಕ್ಕದಲ್ಲಿಟ್ಟಳು. ಹರಿಗೋಲು ಸಮನಾಯಿತು. ಅವನ ತಲೆ ಮುಟ್ಟಲಿಲ್ಲ, ಬೆನ್ನು ಸವರಲಿಲ್ಲ. ಪಕ್ಕದಲ್ಲಿ ಕೂತಳು. ಅವನು ಅಳುವಷ್ಟು ಹೊತ್ತೂ ಕೂತಿದ್ದಳು. ಬಹಳ ಹೊತ್ತಾಯಿತು. ಅಂಬಿಗ ಇನ್ನೊಂದು ಎಲೆಗೆ ಸುಣ್ಣ ಹಚ್ಚಿದ.

ಮಿಕ್ಕ ಮೂರು ಗಂಟೆಗಳನ್ನು ಗುರುಗಳೇ ಹೊತ್ತು ತಂದರು. ಮುದುಕರಿಗೆ ಭಾರವಾಗಿತ್ತು. ಪ್ರತಿ ಸಲವೂ ನಡುದಾರಿಯಲ್ಲಿ ಇಳಿಸಿ ಉಸಿರು ತೆಗೆದುಕೊಂಡರು.

ಕೊನೆಯ ಗಂಟೆ ಇಟ್ಟ ಮೇಲೆ ರಾಚಯ್ಯ ಮುಖ ಒರೆಸಿಕೊಂಡು ಎದ್ದ.

“ಬುದ್ಧಿ, ನಾನು...”

“ಕೂತ್ಕೊಳ್ಳಿ,” ಅಂದಳು ಚೆನ್ನಾಜಮ್ಮ. “ಎದ್ದು ನಿಂತ್ರೆ ಮಗುಚುತ್ತೆ. ಹೇಳೋದನ್ನ ಕೂತೇ ಹೇಳಿ.”

ಕೂತ.

“ಬುದ್ಧಿ, ಇಷ್ಟು ವರ್ಷ ನಾನು ಕಲಿತದ್ದು ದಂಡವಾಯ್ತಾ?”

“ಹದ ನೋಡೋದು ಕಲಿತಿದ್ದೀಯಲ್ಲ. ಮನೆಯಾಕೆ ಕಾವಲಿ ಇಟ್ಟಾಗ ಪಕ್ಕದಲ್ಲಿ ಕೂತ್ಕೋ.”

“ನಿಮ್ಮ ಅಚ್ಚು? ಬೆಂಕಿ ಯಾರು ನೋಡ್ತಾರೆ? ತಿದಿ ಒತ್ತೋಕೆ ಯಾರಿದ್ದಾರೆ?”

“ನೀನು ಬರೋ ಮುಂಚೆ ಒತ್ತಿದವರೇ.”

ಅಂಬಿಗ ಹುಟ್ಟುಗೋಲಿನಿಂದ ದಂಡೆಯನ್ನು ನೂಕಿದ. ಹರಿಗೋಲು ಒಂದು ಸುತ್ತು ತಿರುಗಿ ನೀರಿಗಿಳಿಯಿತು. ಗುರುಗಳು ದಂಡೆಯ ಮೇಲೆ ನಿಂತಿದ್ದರು. ಕೈಗಳಿಗೆ ಮಸಿ ಹತ್ತಿತ್ತು. ಎಲ್ಲಿಡಬೇಕೆಂದು ತಿಳಿಯದೆ ಅವು ಎರಡೂ ಬದಿಗೆ ಇಳಿಬಿದ್ದಿದ್ದವು.

ನಡುವೆ ಎರಡು ಮಾರು ನೀರಾಯಿತು, ನಾಲ್ಕು ಮಾರಾಯಿತು.

ರಾಚಯ್ಯನಿಗೆ ನಾಲ್ಕು ವರ್ಷ ಕೇಳದೆ ಉಳಿದದ್ದು ಒಂದಿತ್ತು. ಅಂಚಿಗೆ ಕೈಯೂರಿ ಕೂಗಿ ಕೇಳಿದ.

“ಬುದ್ಧಿ! ನಿಮಗೆ ಏನೂ ತಾಗಲ್ಲ ಅಂತಾರಲ್ಲ, ಅದು ಹೇಗೆ ಸಾಧಿಸಿದ್ರಿ?”

ಗುರುಗಳು ಮಸಿ ಹತ್ತಿದ ಕೈಯನ್ನು ಬಾಯಿಯ ಪಕ್ಕಕ್ಕೆ ಹಿಡಿದು ಕೂಗಿದರು.

“ನನ್ನ ಕರೆಯೋಕೆ ಯಾರೂ ಬರಲಿಲ್ಲ ಕಣಯ್ಯ.”